ಬೀದಿ ಗುಮಾಸ್ತ ಬರೆದ ಸಾಲು

ಮೇಷ್ಟ್ರ ಅಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಎಪ್ಪತ್ತೊಂದು ವರ್ಷದ ಬಾಳಿನಲ್ಲಿ ಆಕೆ ಗುರುತು ಹಿಡಿಯಬಲ್ಲ ಬರಹ ಅಂತ ಇದ್ದದ್ದು ಒಂದೇ, ಗಂಡನ ರುಜು. ಗಂಡ ಬಡಗಿಯಾಗಿದ್ದ. ತಾನು ಮಾಡಿದ ಪ್ರತಿ ಸ್ಟೂಲು, ಪ್ರತಿ ಬೆಂಚಿನ ಅಡಿಯಲ್ಲಿ ಪೆನ್ಸಿಲಿನಿಂದ ರುಜು ಹಾಕುತ್ತಿದ್ದ. ಮೂರು ಗಂಟು, ಕೊನೆಯ ಗಂಟಿನಿಂದ ಕೆಳಗಿಳಿದು ಎಡಕ್ಕೆ ತಿರುಗುವ ಉದ್ದನೆಯ ಬಾಲ. ನೆಲ ಒರೆಸುವಾಗ ಸ್ಟೂಲು ಬೋರಲು ಹಾಕಿದಾಗೆಲ್ಲ ಆಕೆಗೆ ಅದು ಕಾಣಿಸುತ್ತಿತ್ತು. ಬೇರೆ ಯಾವ ಕಾಗದ ತೋರಿಸಿದರೂ ಆಕೆಗೆ ಅದು ಇರುವೆ ಸಾಲು.

ಮೇಷ್ಟ್ರಿಗೆ ಒಬ್ಬಳು ಅಕ್ಕ ಇದ್ದಳು. ಮೇಷ್ಟ್ರು ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ, ಒಂದು ವರ್ಷ ಏಳು ತಿಂಗಳ ಕೂಸಾಗಿದ್ದಾಗ ಜ್ವರ ಬಂದು ತೀರಿಕೊಂಡಳು. ಮರುದಿನ ಬೆಳಿಗ್ಗೆ ಅಪ್ಪ, "ಪುರಸಭೇಲಿ ಬರೆಸಿ ಬರ್ತೀನಿ" ಅಂತ ಹೋದವನು ಅರ್ಧ ಗಂಟೆಯಲ್ಲಿ ತಿರುಗಿ ಬಂದ. "ಬರೆಸಿದೆ" ಅಂದ. ಅವರ ಬೀದಿಯಿಂದ ಪುರಸಭೆಗೆ ಕಾಲುನಡಿಗೆಯಲ್ಲಿ ಒಂದು ಗಂಟೆಯ ದಾರಿ.

"ಹೋಗೋಕೆ ಒಂದು ಗಂಟೆ, ಬರೋಕೆ ಒಂದು ಗಂಟೆ. ಇವರೇನು ರೆಕ್ಕೆ ಕಟ್ಕೊಂಡು ಹೋಗಿದ್ರಾ?" ಅಂತ ಅಮ್ಮ ಆಮೇಲೆ ನಲವತ್ತನಾಲ್ಕು ವರ್ಷ ಕೇಳಿದಳು. ಅಪ್ಪ ಮಾತಿನಲ್ಲಿ ಬಡವ. "ಬರೆಸಿದೆ ಅಂದ್ನಲ್ಲ" ಅಂತ ಒಂದು ಸಲ ಹೇಳಿದ, ಆಮೇಲೆ ಆ ಮಾತು ಬಂದಾಗೆಲ್ಲ ಉಳಿ ಮಸೆಯುತ್ತ ಕೂತ. ಹೀಗಾಗಿ ಅಮ್ಮ ತನ್ನ ತೀರ್ಮಾನ ತಾನೇ ಮಾಡಿಕೊಂಡಳು. ಗಂಡ ಯಾವುದೋ ಕಟ್ಟೆಯ ಮೇಲೆ ಕೂತಿದ್ದು ಎದ್ದು ಬಂದಿದ್ದಾನೆ. ಹೆಣ್ಣು ಕೂಸು ಅಂತ ಅಸಡ್ಡೆ. ತನ್ನ ಮಗಳ ಹೆಸರು ಭೂಮಿಯ ಮೇಲೆ ಎಲ್ಲೂ ಬರೆದಿಲ್ಲ. ಎಂಟು ವರ್ಷದ ಹಿಂದೆ ಗಂಡ ಸತ್ತಾಗ ಬಂದವರೆಲ್ಲ "ಅಪ್ಪಟ ಮನುಷ್ಯ" ಅಂದರೆ, ಅಮ್ಮ ಕಣ್ಣೊರೆಸಿಕೊಳ್ಳುತ್ತಲೇ "ಹೂಂ, ಅದೊಂದು ಬಿಟ್ಟು" ಅಂದಿದ್ದಳು.

ಮೇಷ್ಟ್ರು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದರು. ಎಂಟನೇ ಕ್ಲಾಸಿಗೆ ಸ್ಥಳೀಯ ಸರ್ಕಾರದ ಪಾಠ ಎರಡೂವರೆ ಪುಟ. ಪ್ರತಿವರ್ಷ ಎರಡು ಪಿರಿಯಡ್ಡಿನಲ್ಲಿ ಮುಗಿಸಿ ಕೈತೊಳೆದುಕೊಳ್ಳುತ್ತಿದ್ದರು.

"ಪುರಸಭೆ ಏನು ಮಾಡುತ್ತೆ?"

"ರಸ್ತೆ ಅಗೆಯುತ್ತೆ ಸರ್."

"ಮುಚ್ಚೋದು?"

"ಅದು ಪಾಠದಲ್ಲಿ ಇಲ್ಲ ಸರ್."

ಕ್ಲಾಸು ನಕ್ಕಿತು. ಮೇಷ್ಟ್ರೂ ನಕ್ಕರು. ಬೋರ್ಡಿನ ಮೇಲೆ 'ಅಂದು', 'ಇಂದು' ಅಂತ ಎರಡು ಕಾಲಂ ಎಳೆದು ನೀರು, ಬೀದಿದೀಪ, ಚರಂಡಿ, ಜನನ ಮರಣ ನೋಂದಣಿ ಎಂದು ಎರಡರಲ್ಲೂ ಬರೆದರು. ಕೊನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಆ ಹುಡುಗಿಯನ್ನು ಇಡೀ ಶಾಲೆ ಪ್ರಶ್ನೆಪತ್ರಿಕೆ ಅಂತಲೇ ಕರೆಯುತ್ತಿತ್ತು.

"ಸರ್, ಎರಡರಲ್ಲೂ ಅದನ್ನೇ ಬರೆಯೋದಾದ್ರೆ ಎರಡು ಕಾಲಂ ಯಾಕೆ?"

ಹದಿನಾರು ವರ್ಷದ ಸರ್ವೀಸಿನಲ್ಲಿ ಯಾರೂ ಕೇಳಿರದ ಪ್ರಶ್ನೆ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. "ಪುರಸಭೆಗೇ ಹೋಗಿ ನೋಡೋಣ" ಅಂದರು. ಹಾಗೆ ಹೇಳುತ್ತಿರುವಾಗಲೇ, ಅಕ್ಕನ ಹೆಸರನ್ನೂ ಹುಡುಕಬಹುದಲ್ಲ ಅಂತ ಹೊಳೆಯಿತು. ಇಷ್ಟು ವರ್ಷ ಅದು ಯಾಕೆ ಹೊಳೆಯಲಿಲ್ಲ ಅಂದರೆ, ಅಮ್ಮ ಹೇಳುವುದು ನಿಜವಾಗಿಬಿಟ್ಟರೆ ಅನ್ನುವ ಭಯ ಇತ್ತು.

ಪುರಸಭೆಯ ಹಳೆಯ ಕಾಗದಗಳ ಕೋಣೆ ಮಹಡಿಯ ಮೇಲೆ. ಇಪ್ಪತ್ಮೂರು ಕಡಿದಾದ ಮೆಟ್ಟಿಲು. ಒಳಗೆ ಕಬ್ಬಿಣದ ರ್‍ಯಾಕುಗಳು, ಒಂದೇ ಕಿಟಕಿ, ನುಸಿಗುಳಿಗೆಯ ವಾಸನೆಯ ಜೊತೆ ಇಲಿಯ ವಾಸನೆ. ಅಲ್ಲಿನ ರೆಕಾರ್ಡ್ ಕೀಪರಿಗೆ ಆಫೀಸಿನವರು ಇಟ್ಟ ಹೆಸರು ಗೆದ್ದಲಜ್ಜ. ಮೂವತ್ತೊಂದು ವರ್ಷದಿಂದ ಕಾಗದದ ನಡುವೆಯೇ ಇದ್ದವರು, ನಿವೃತ್ತಿಗೆ ಇನ್ನು ಎರಡು ತಿಂಗಳು. ತಮ್ಮ ಕೋಣೆಗೆ ಮಕ್ಕಳು ಬಂದದ್ದು ಇದೇ ಮೊದಲು ಅಂತ ಅಜ್ಜ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು ನಿಂತಿದ್ದರು.

ಮೇಷ್ಟ್ರು ಮಕ್ಕಳನ್ನು ಗುಂಪು ಮಾಡಿ ಗುಂಪಿಗೊಂದು ರಿಜಿಸ್ಟರ್ ಕೊಟ್ಟರು. ಒಂದು ಗುಂಪಿಗೆ ಬೀದಿದೀಪದ ಪುಸ್ತಕ. ಯಾವ ಕಂಬದ ದೀಪಕ್ಕೆ ಎಷ್ಟು ಸೀಮೆಎಣ್ಣೆ ಅಂತ ದಿನದಿನದ ಲೆಕ್ಕ ಇತ್ತು. ಇನ್ನೊಂದು ಗುಂಪಿಗೆ ದೂರಿನ ಪುಸ್ತಕ. ಅದರಲ್ಲಿ ಯಾರೋ ಒಬ್ಬ, 'ನನ್ನ ಮನೆಯ ಮುಂದಿನ ದೀಪದ ಬೆಳಕು ಎದುರುಮನೆಯವರಿಗೇ ಹೆಚ್ಚು ಬೀಳುತ್ತಿದೆ' ಅಂತ ಬರೆದದ್ದು ಸಿಕ್ಕಿ ಹುಡುಗರು ಬಿದ್ದು ಬಿದ್ದು ನಕ್ಕರು. ಪ್ರಶ್ನೆಪತ್ರಿಕೆಯ ಗುಂಪಿಗೆ ಮೇಷ್ಟ್ರು ಆರಿಸಿ ಒಂದು ಮರಣದ ರಿಜಿಸ್ಟರ್ ಕೊಟ್ಟರು. ಯಾವ ವರ್ಷದ್ದು ಅಂತ ಅವರಿಗೆ ಗೊತ್ತಿತ್ತು. ತಾವೇ ತೆಗೆದು ನೋಡುವ ಧೈರ್ಯ ಇರಲಿಲ್ಲ.

ಕಾಲು ಗಂಟೆ ಕಳೆಯಿತು.

"ಸರ್, ಇಲ್ಲಿ ನಿಮ್ಮ ಬೀದಿಯದು ಇದೆ," ಅಂದಳು ಹುಡುಗಿ. ಬೆರಳಿಟ್ಟು ಓದಿದಳು. "ಹೆಣ್ಣು ಮಗು. ವಯಸ್ಸು ಒಂದು ವರ್ಷ ಏಳು ತಿಂಗಳು. ಕಾರಣ ಜ್ವರ. ತಿಳಿಸಿದವರು ತಂದೆ, ಕಸುಬು ಬಡಗಿ." ಆಮೇಲೆ ಹೆಸರನ್ನೂ ಓದಿದಳು. ಮೂರಕ್ಷರದ ಹೆಸರು, ಅಮ್ಮ ತನ್ನ ತಾಯಿಯ ಹೆಸರನ್ನೇ ಮಗಳಿಗೆ ಇಟ್ಟಿದ್ದಳು. "ರುಜು ನೋಡಿ ಸರ್, ಎಷ್ಟುದ್ದ ಬಾಲ. ಕೆಳಗಿನ ಮನೆಯವರ ಸಾಲಿಗೂ ನುಗ್ಗಿದೆ."

ಮೂರು ಗಂಟು, ಎಡಕ್ಕೆ ತಿರುಗಿದ ಬಾಲ. ಮೇಷ್ಟ್ರು ಆ ಸಾಲನ್ನು ತಾವೇ ಇನ್ನೊಮ್ಮೆ ಓದಿದರು. ಆಮೇಲೆ, ಒಂದು ಗಂಟೆಯ ದಾರಿಯಲ್ಲಿ ಅರ್ಧ ಗಂಟೆಗೆ ಬರೆಸಿ ಬರುವುದು ಹೇಗೆ ಸಾಧ್ಯ ಅಂತ ಗೆದ್ದಲಜ್ಜನನ್ನು ಕೇಳಿದರು.

"ಇಲ್ಲಿಗ್ಯಾಕೆ ಬರಬೇಕು?" ಅಂದರು ಅಜ್ಜ. "ಆಗ ಬೀದಿಗೊಬ್ಬ ಗುಮಾಸ್ತ ಇದ್ದ. ಬೆಳಿಗ್ಗೆ ಎಂಟಕ್ಕೆ ನಿಮ್ಮ ಬೀದಿಯ ನಲ್ಲಿಕಟ್ಟೆ ಹತ್ರ ಮೇಜು ಹಾಕ್ಕೊಂಡು ಕೂರ್ತಿದ್ದ. ಹುಟ್ಟಿದ್ದು, ಸತ್ತದ್ದು, ನಲ್ಲಿ ಕೆಟ್ಟದ್ದು ಎಲ್ಲ ಅಲ್ಲೇ ಬರೆಯೋದು. ವಾರಕ್ಕೊಮ್ಮೆ ಆ ಹಾಳೆಗಳೇ ಇಲ್ಲಿಗೆ ಬಂದು ರಿಜಿಸ್ಟರಿಗೆ ಸೇರೋವು. ಆ ವರ್ಷದ ಕೊನೆಗೇ ಅದು ನಿಂತುಹೋಯ್ತು ಅಂತ ನಡಾವಳಿಯಲ್ಲಿದೆ. ಆಗ ಪುರಸಭೆ ಜನರ ಹತ್ರ ಹೋಗ್ತಿತ್ತು. ಈಗ ಜನ ಬಂದು ಇಪ್ಪತ್ಮೂರು ಮೆಟ್ಟಿಲು ಹತ್ತಬೇಕು. ಮೊಣಕಾಲು ಗಟ್ಟಿ ಇದ್ದವರು ಮಾತ್ರ ಹುಟ್ಟಿ ಸಾಯಬೇಕು."

ಪ್ರಶ್ನೆಪತ್ರಿಕೆ ತನ್ನ ನೋಟ್‌ಬುಕ್ಕಿನ ಎರಡು ಕಾಲಮ್ಮಿನಲ್ಲಿ ಅದನ್ನು ಬರೆದುಕೊಂಡಳು.

ಅಜ್ಜ ಮಕ್ಕಳನ್ನು ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ಇನ್ನೊಂದು ಪಾಠ ಮಾಡಿದರು. "ಈ ಲಾಡಿ ನೋಡಿ. ಬಿಳಿ ಲಾಡಿ ಕಟ್ಟಿದ್ದು ಊರಿರೋವರೆಗೂ ಇಲ್ಲೇ ಇರಬೇಕು. ಕೆಂಪು ಕಟ್ಟಿದ್ದು ಅವಧಿ ಮುಗಿದದ್ದು. ತಿಂಗಳ ಕೊನೇ ಶನಿವಾರ ಮಧ್ಯಾಹ್ನ ಕಾಗದದ ಮಿಲ್ಲಿನ ಗಾಡಿ ಬರುತ್ತೆ. ಬಾಗಿಲ ಪಕ್ಕ ಕೆಂಪು ಲಾಡಿದು ಏನಿದ್ರೂ ಎತ್ಕೊಂಡು ಹೋಗ್ತಾರೆ. ನಮ್ಮ ವಾಚ್‌ಮನ್ನಿಗೆ ಓದೋಕೆ ಬರಲ್ಲ. ಬಣ್ಣ ಗೊತ್ತು, ಅಷ್ಟು ಸಾಕು." ಮಕ್ಕಳು ತಲೆಯಾಡಿಸಿದರು. ಮೇಷ್ಟ್ರು ಅಲ್ಲಿರಲಿಲ್ಲ. ಕೋಣೆಯ ಆ ತುದಿಯಲ್ಲಿ ಬಾಲದ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು.

ಆ ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದರು. ಅಮ್ಮ ಕಾಳು ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಗುಮಾಸ್ತ ಬೀದೀಲೇ ಕೂರ್ತಿದ್ದ ಅಂತ ಹೇಳೋಕೆ ಅವರ ಬಾಯಿಗೇನಾಗಿತ್ತು?"

"ನಿನಗೂ ಗೊತ್ತಿರುತ್ತೆ ಅಂದ್ಕೊಂಡಿದ್ರೇನೋ ಅಮ್ಮ."

"ನಾನು ಬಾಣಂತಿ, ಆಮೇಲೆ ಕೂಸಿನ ಕಾಯಿಲೆ. ಆಗ ಈ ಬೀದಿಗೆ ಹೊಸಬಳು, ಹೊಸಿಲು ದಾಟಿದ್ದೇ ಕಾಣೆ. ನನಗೆ ಯಾವ ಗುಮಾಸ್ತ ಗೊತ್ತು?" ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟಳು. "ನೀನು ನಿಮ್ಮಪ್ಪನ ಕಡೆಯವನು ಕಣೋ, ಮೊದಲಿಂದಲೂ. ಆ ಬಾಲ ನನ್ನ ಕಣ್ಣಿಗೆ ಬೀಳಲಿ, ಆಗ ನಂಬ್ತೀನಿ. ಅವರ ಮೇಲೆ ಹೊರಿಸಿದ್ದನ್ನೆಲ್ಲ ಇಳಿಸಿಬಿಡ್ತೀನಿ."

ಕೊನೆಯ ಮಾತು ಹೇಳುತ್ತ, ಆಗಲೇ ಆರಿಸಿಟ್ಟಿದ್ದ ಕಾಳನ್ನೇ ಮತ್ತೆ ಆರಿಸತೊಡಗಿದಳು. ಹೊರೆ ಇಳಿಸುವ ಆಸೆ ಆಕೆಗೇ ಹೆಚ್ಚಾಗಿತ್ತು ಅಂತ ಮೇಷ್ಟ್ರಿಗೆ ಅರ್ಥವಾಯಿತು.

ಅಮ್ಮನ ಸೊಂಟ ಮುರಿದು ಕೂಡಿದ್ದು. ಇಪ್ಪತ್ಮೂರು ಮೆಟ್ಟಿಲು ಆಗದ ಮಾತು. ಹೊತ್ತುಕೊಂಡು ಹೋಗುತ್ತೇವೆ ಅಂದರೆ "ಒಂದೇ ಸಲ ಹೊರುವಿರಂತೆ, ಅವಸರ ಏನು" ಅಂದಳು. ನಕಲು ತೆಗೆಸಿದರೆ ಅದು ಗುಮಾಸ್ತರ ಕೈಬರಹದಲ್ಲಿ ಬರುತ್ತದೆ, ಬಾಲ ಬರುವುದಿಲ್ಲ. ಫೋನಿನಲ್ಲಿ ಚಿತ್ರ ಹಿಡಿಯುವ ಕಾಲ ಆಗಿನ್ನೂ ಬಂದಿರಲಿಲ್ಲ, ಜೆರಾಕ್ಸ್ ಮಾಡಿಸಲು ರಿಜಿಸ್ಟರ್ ಹೊರಗೆ ಬರಬೇಕು. ರಿಜಿಸ್ಟರನ್ನೇ ಒಂದು ಗಳಿಗೆ ಕೆಳಗೆ ತನ್ನಿ ಅಂತ ಕೇಳಿದ್ದಕ್ಕೆ ಗೆದ್ದಲಜ್ಜ, "ಅದು ಬಾಗಿಲು ದಾಟಿದರೆ ನನ್ನ ಪಿಂಚಣಿಯೂ ದಾಟುತ್ತೆ ಮೇಷ್ಟ್ರೇ. ಮೇಲಿನವರ ರುಜು ತನ್ನಿ" ಅಂದರು.

ಆಗ ಮೇಷ್ಟ್ರಿಗೆ ವಸ್ತುಪ್ರದರ್ಶನದ ಉಪಾಯ ಹೊಳೆಯಿತು. ಶಾಲೆ ಮನೆಯಿಂದ ನಾಲ್ಕು ಹೆಜ್ಜೆ, ಹಾಲ್ ನೆಲಮಟ್ಟದಲ್ಲಿದೆ. 'ನಮ್ಮ ಪುರಸಭೆ: ಅಂದು, ಇಂದು' ಅಂತ ಪ್ರದರ್ಶನ ಇಡುವುದು, ಹಳೆಯ ರಿಜಿಸ್ಟರುಗಳನ್ನು ಒಂದು ದಿನದ ಮಟ್ಟಿಗೆ ತರಿಸುವುದು, ಅಮ್ಮನಿಗೆ ಪುಟ ತೆರೆದು ತೋರಿಸುವುದು. ಒಂದೇ ಒಂದು ರಿಜಿಸ್ಟರ್ ಕೇಳಿದರೆ ಸ್ವಂತಕ್ಕೆ ಅಂತ ಎದ್ದು ಕಾಣುತ್ತದೆ ಎಂದು ಇಪ್ಪತ್ತೊಂಬತ್ತು ಕೇಳಿದರು. ಮುಖ್ಯಾಧಿಕಾರಿ ಪಟ್ಟಿಯನ್ನು ಓದದೆ ರುಜು ಹಾಕಿ, "ಮಕ್ಕಳಿಗೆ ಪುರಸಭೆ ಮೇಲೆ ಅಭಿಮಾನ ಬರೋ ಹಾಗೆ ಮಾಡಿ" ಅಂದರು. ಹೆಡ್‌ಮಿಸ್ಟ್ರೆಸ್ ಸೋಮವಾರ ಗೊತ್ತು ಮಾಡಿದರು.

ಶನಿವಾರ ಬೆಳಿಗ್ಗೆ ಮೇಷ್ಟ್ರು ಹನ್ನೆರಡು ಮಕ್ಕಳನ್ನು ಕರೆದುಕೊಂಡು ಮಹಡಿ ಹತ್ತಿದರು. ಗೆದ್ದಲಜ್ಜ ದವಡೆ ಹಲ್ಲು ಕೀಳಿಸಿಕೊಳ್ಳಲು ರಜ ಹಾಕಿ, ಬೀಗದ ಕೈ ಮೇಷ್ಟ್ರಿಗೆ ಕೊಡುವಂತೆ ಹೇಳಿ ಹೋಗಿದ್ದರು. ಹನ್ನೆರಡಕ್ಕೆ ಆಫೀಸು ಮುಚ್ಚುತ್ತದೆ. ಪಟ್ಟಿ ನೋಡಿ ರಿಜಿಸ್ಟರ್ ಹುಡುಕಬೇಕು, ಧೂಳು ಹೊಡೆಯಬೇಕು, ಸೋಮವಾರ ಶಾಲೆಯ ಜವಾನ ತಳ್ಳುಗಾಡಿ ತಂದಾಗ ಎತ್ತಲು ಅನುಕೂಲವಾಗುವ ಹಾಗೆ ಕಟ್ಟಿ ಇಡಬೇಕು. ಪ್ರಶ್ನೆಪತ್ರಿಕೆ ಅಷ್ಟರಲ್ಲಿ ಹನ್ನೊಂದು ಪ್ರಶ್ನೆ ಕೇಳಿ ಮುಗಿಸಿದ್ದಳು. ಹಳೆಯ ರಿಜಿಸ್ಟರುಗಳ ಬಿಳಿ ಲಾಡಿಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಕಪಾಟಿನಲ್ಲಿ ಬಿಳಿ ಲಾಡಿಯ ಉರುಳೆ ಖಾಲಿ, ಬರೀ ಮರದ ಕದಿರು. ಕೆಂಪು ಉರುಳೆ ತುಂಬಿಕೊಂಡಿತ್ತು.

"ಕೆಂಪಲ್ಲೇ ಕಟ್ಟಿ. ಟೇಬಲ್ ಮೇಲೂ ಚೆನ್ನಾಗಿ ಕಾಣುತ್ತೆ," ಅಂದರು ಮೇಷ್ಟ್ರು.

"ಸರ್, ಕೆಂಪು ಲಾಡಿ..." ಅಂತ ಪ್ರಶ್ನೆಪತ್ರಿಕೆ ಎದ್ದು ನಿಂತಳು.

"ಹನ್ನೆರಡಕ್ಕೆ ಐದು ನಿಮಿಷ ಇದೆ. ಇನ್ನೊಂದು ಪ್ರಶ್ನೆ ಕೇಳಿದ್ರೆ ನಿನ್ನನ್ನೂ ಕಟ್ಟಿ ಇಟ್ಟುಹೋಗ್ತೀನಿ."

ಎಲ್ಲರೂ ನಕ್ಕರು. ಅವಳು ಕೂತು ಕಟ್ಟತೊಡಗಿದಳು. ಅದು ಪ್ರಶ್ನೆಯಾಗಿರಲಿಲ್ಲ. ಹದಿನಾರು ವರ್ಷ ಮಕ್ಕಳಿಗೆ 'ಕಿವಿಗೊಟ್ಟು ಕೇಳಿ' ಅಂತ ಗಂಟಲು ಹರಿದುಕೊಂಡ ಮನುಷ್ಯ ಆ ದಿನ ಅದೊಂದನ್ನು ಕೇಳಿಸಿಕೊಳ್ಳಲಿಲ್ಲ. ಇಪ್ಪತ್ತೊಂಬತ್ತು ರಿಜಿಸ್ಟರುಗಳು ಆರು ಕಟ್ಟುಗಳಾಗಿ, ಎರಡೆರಡು ಗಂಟು ಹಾಕಿಸಿಕೊಂಡು, ಬಾಗಿಲ ಪಕ್ಕ ಅಚ್ಚುಕಟ್ಟಾಗಿ ಕೂತವು. ಮೇಷ್ಟ್ರು ಬಾಗಿಲು ಹಾಕಿ ಬೀಗದ ಕೈಯನ್ನು ವಾಚ್‌ಮನ್ನಿಗೆ ಕೊಟ್ಟರು. ಅದು ತಿಂಗಳ ಕೊನೆಯ ಶನಿವಾರ.

ಸೋಮವಾರ ಒಂಬತ್ತಕ್ಕೆಲ್ಲ ಅಮ್ಮ ಟ್ರಂಕಿನ ಸೀರೆ ಉಟ್ಟು, ಕೋಲೂರಿಕೊಂಡು ಶಾಲೆಯ ಹಾಲಿಗೆ ಬಂದಳು. ಖಾಲಿ ಟೇಬಲ್ಲಿನ ಮುಂದಿನ ಬೆಂಚಿನಲ್ಲಿ ಕೂತು, ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. "ಹನ್ನೊಂದೂವರೆಯೊಳಗೆ ತಂದುಬಿಡ್ತೀವಿ" ಅಂತ ಮೇಷ್ಟ್ರು ಜವಾನನ ಜೊತೆ ಹೊರಟರು.

ಮಹಡಿಯ ಬಾಗಿಲ ಪಕ್ಕ ಆರು ಚೌಕ ಗುರುತುಗಳಿದ್ದವು. ಧೂಳಿಲ್ಲದ ನೆಲ, ಅಷ್ಟೇ. ಗೆದ್ದಲಜ್ಜ ಊದಿದ ಕೆನ್ನೆಗೆ ಕೈ ಕೊಟ್ಟುಕೊಂಡು ರ್‍ಯಾಕಿನಿಂದ ರ್‍ಯಾಕಿಗೆ ನಡೆಯುತ್ತಿದ್ದರು. ಖಾಲಿ ಜಾಗಗಳು ಹಲ್ಲು ಕಿತ್ತ ವಸಡಿನ ಹಾಗೆ ಕಾಣುತ್ತಿದ್ದವು. ವಾಚ್‌ಮನ್ ತನ್ನ ಪಾಲಿಗೆ ಧೈರ್ಯವಾಗಿಯೇ ಇದ್ದ. "ಕೆಂಪು ಇತ್ತು ಸಾರ್. ಬಾಗಿಲ ಹತ್ರ ಇತ್ತು. ಗಾಡಿ ಬಂತು, ಕೊಟ್ಟೆ. ಹನ್ನೆರಡು ವರ್ಷದಿಂದ ಕೊಡ್ತಿದೀನಿ."

ಅಜ್ಜ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಮಾತಾಡಿದರು. "ಮಕ್ಕಳಿಗೆ ಹೇಳಿದ್ದೆನಲ್ಲ ಮೇಷ್ಟ್ರೇ. ಅವತ್ತು ನೀವೂ ಕೋಣೆಯಲ್ಲೇ ಇದ್ರಲ್ಲ."

ಮೇಷ್ಟ್ರು ಮಿಲ್ಲಿಗೆ ಓಡಿದರು. ಓಡಿದರು ಅಂದರೆ ಮೊದಲು ಬಸ್ಸು, ಆಮೇಲೆ ನಿಜವಾಗಿಯೂ ಓಟ. ಮಿಲ್ಲಿನ ಮೇಸ್ತ್ರಿ ಒಳ್ಳೆಯವನು, ಮಾಡುತ್ತಿದ್ದ ಊಟ ಬಿಟ್ಟು ಎದ್ದು ಬಂದ. "ಶನಿವಾರ ಬಂದ ಮಾಲು ಶನಿವಾರವೇ ತೊಟ್ಟಿಗೆ ಬೀಳುತ್ತೆ ಸಾರ್. ಎರಡು ದಿನ ನೆಂದಿದೆ. ಇವತ್ತು ಬೆಳಿಗ್ಗೆ ಅರೆದೂ ಆಯ್ತು" ಅಂತ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದ. ಬೂದು ಬಣ್ಣದ ಗಂಜಿಯಂಥದ್ದು ನಿಧಾನವಾಗಿ ಸುತ್ತುತ್ತಿತ್ತು. ಮೇಷ್ಟ್ರು ಅದರೊಳಗೆ ಮೊಣಕೈವರೆಗೂ ಕೈ ಹಾಕಿದರು. ಮೇಸ್ತ್ರಿ ತಡೆಯಲಿಲ್ಲ. ಅಂಗೈಯಲ್ಲಿ ಬಂದದ್ದನ್ನು ಹಿಂಡಿದರೆ ನೀರು ಹೋಗಿ ಒಂದು ಹಿಡಿ ಹಿಟ್ಟಿನಷ್ಟು ಉಳಿಯಿತು. ಮಸಿಯ ಬಣ್ಣ ಕೂಡ ಇರಲಿಲ್ಲ.

"ರಟ್ಟು ಕರಗಲ್ಲ ಅಂತ ಬೇರೆ ಕಿತ್ತಿಟ್ಟಿರ್ತೀವಿ. ಬೇಕಾದ್ರೆ ತಗೊಂಡು ಹೋಗಿ" ಅಂದ ಮೇಸ್ತ್ರಿ. ಒಳಗೇನೂ ಇಲ್ಲದ ರಟ್ಟುಗಳನ್ನು ಮೇಷ್ಟ್ರು ಒಂದೊಂದಾಗಿ ಎತ್ತಿ, ಮೇಲಿನ ಚೀಟಿಯ ವರ್ಷ ಓದಿ, ಕೆಳಗಿಟ್ಟರು. ಅವರಿಗೆ ಬೇಕಾದ ವರ್ಷದ್ದೂ ಇತ್ತು. ಅದನ್ನೊಂದನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಂದರು.

ಶಾಲೆಗೆ ಬಂದಾಗ ಎರಡು ಗಂಟೆ. ಹಾಲಿನಲ್ಲಿ ಅಮ್ಮ ಹಾಗೇ ಕೂತಿದ್ದಳು. ಪಕ್ಕದಲ್ಲಿ ಪ್ರಶ್ನೆಪತ್ರಿಕೆ. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. ಜವಾನ ಆಗಲೇ ಸುದ್ದಿ ತಂದಿದ್ದ. ಮೇಷ್ಟ್ರು ಅಮ್ಮನ ಕಾಲ ಹತ್ತಿರ ಕೂತು ನಡೆದದ್ದನ್ನೆಲ್ಲ ಒಪ್ಪಿಸಿದರು. ಲಾಡಿ, ಶನಿವಾರ, ತೊಟ್ಟಿ, ಯಾವುದನ್ನೂ ಬಿಡಲಿಲ್ಲ. ಖಾಲಿ ರಟ್ಟು ಕೊಟ್ಟರು. ಅಮ್ಮ ಅದನ್ನು ತಿರುಗಿಸಿ ಅಡಿಭಾಗ ನೋಡಿದಳು. ಅಭ್ಯಾಸಬಲ. ಅಲ್ಲಿ ಏನೂ ಇರಲಿಲ್ಲ.

"ಹೋಗಲಿ ಬಿಡು," ಅಂದಳು. ಸಿಟ್ಟು ಇರಲಿಲ್ಲ, ಅದೇ ಮೇಷ್ಟ್ರಿಗೆ ತಡೆಯಲಾಗದ್ದು. "ನನಗೆ ಸಮಾಧಾನ ಆಗಲಿ ಅಂತ ಇಷ್ಟೆಲ್ಲ ಕಟ್ಟಿದೆ. ಗುಮಾಸ್ತನ್ನೂ ಕಟ್ಟಿದೆ, ಮಿಲ್ಲನ್ನೂ ಕಟ್ಟಿದೆ. ತಾಯಿಗೆ ತಿಳಿಯಲ್ವಾ. ಅವರು ಬರೆಸಿರಲಿಲ್ಲ ಕಣೋ. ನನಗೆ ಅವತ್ತೇ ಗೊತ್ತಿತ್ತು."

"ಇಲ್ಲ ಅಜ್ಜಿ, ಬರೆದಿತ್ತು. ನಾನೇ ಓದಿದ್ದು," ಅಂದಳು ಪ್ರಶ್ನೆಪತ್ರಿಕೆ. ಹೆಸರಿನ ಮೂರಕ್ಷರವನ್ನೂ ಹೇಳಿದಳು. ಗಾಳಿಯಲ್ಲಿ ಬೆರಳಾಡಿಸಿ ಗಂಟು, ಬಾಲ ಎಲ್ಲ ಬರೆದು ತೋರಿಸಿದಳು. ಬಾಲವನ್ನು ಎಡಕ್ಕೇ ತಿರುಗಿಸಿದಳು.

ಅಮ್ಮ ಅವಳ ಬೆರಳನ್ನೇ ನೋಡುತ್ತಿದ್ದು, ಆಮೇಲೆ ತಲೆ ಸವರಿದಳು.

"ಜಾಣೆ ಕಣಮ್ಮ ನೀನು. ನಿಮ್ಮ ಮೇಷ್ಟ್ರು ಹೇಳಿಕೊಟ್ಟದ್ದನ್ನ ಒಂದೂ ಬಿಡದೆ ಒಪ್ಪಿಸ್ತೀಯ."

ಕೋಲು ಹುಡುಕಿಕೊಂಡು ಎದ್ದು, ಯಾರ ಕೈಯನ್ನೂ ಹಿಡಿಯದೆ, ಮನೆಗೆ ಹೋದಳು. ಆಮೇಲೆ ಮೂರು ವರ್ಷ ಬದುಕಿದ್ದಳು. ಗಂಡನ ಮಾತು ಬಂದಾಗ ಮೊದಲಿನಂತೆ "ಅದೊಂದು ಬಿಟ್ಟು" ಅನ್ನುವುದನ್ನೂ ನಿಲ್ಲಿಸಿದಳು. ಅವನ ಮಾತನ್ನೇ ಆಡುತ್ತಿರಲಿಲ್ಲ.

ಗೆದ್ದಲಜ್ಜನಿಗೆ ನೋಟೀಸು ಬಂತು. ಬೀಗದ ಕೈ ಹೊರಗಿನವರಿಗೆ ಕೊಟ್ಟದ್ದು ತಪ್ಪು. ಕೆಂಪು ಲಾಡಿ ಕಟ್ಟಿಸಿದ್ದು ನಾನೇ ಅಂತ ಮೇಷ್ಟ್ರು ಮೂರು ಪುಟ ಬರೆದುಕೊಟ್ಟರು, ಅದನ್ನು ಫೈಲಿಗೆ ಸೇರಿಸಿದರು. ಕೊನೆಯ ದಿನ ಅಜ್ಜ ಮೇಷ್ಟ್ರಿಗೆ ಹೇಳಿದ್ದು ಇಷ್ಟೇ: "ಮೂವತ್ತೊಂದು ವರ್ಷ ಗೆದ್ದಲಿಗೆ ಬಿಟ್ಟಿರಲಿಲ್ಲ."

ಹೋದದ್ದು ಏನೇನು ಅಂತ ಪಟ್ಟಿ ಮಾಡಲು ಮುಖ್ಯಾಧಿಕಾರಿ ಮೇಷ್ಟ್ರಿಗೇ ಹೇಳಿದರು. ಆರಿಸಿದವರು ಅವರೇ ಆದ್ದರಿಂದ ಬೇರೆ ಯಾರಿಗೂ ಗೊತ್ತಿರಲಿಲ್ಲ. ಒಂದೊಂದರಲ್ಲಿ ಎಷ್ಟು ಸಾಲಿತ್ತು ಅನ್ನುವುದನ್ನು ಹಳೆಯ ವಾರ್ಷಿಕ ವರದಿಗಳಲ್ಲಿ ಅಚ್ಚಾಗಿದ್ದ ಮೊತ್ತ ನೋಡಿ ಹಾಕಿದರು. ಬೀದಿದೀಪದ ಪುಸ್ತಕ ಎರಡು. ಬೀದಿ ನಲ್ಲಿಯದು ಒಂದು. ದೂರಿನ ಪುಸ್ತಕ ಮೂರು. ಸಭೆಯ ನಡಾವಳಿ ನಾಲ್ಕು. ಜನನದ ರಿಜಿಸ್ಟರ್ ಹನ್ನೊಂದು, ಅವುಗಳಲ್ಲಿ ಆರು ಸಾವಿರದ ನಾನೂರ ಹನ್ನೆರಡು ಹೆಸರು. ಮರಣದ ರಿಜಿಸ್ಟರ್ ಎಂಟು, ಅವುಗಳಲ್ಲಿ ಮೂರು ಸಾವಿರದ ಒಂಬೈನೂರ ಏಳು.